ಮಾವನ ಪ್ಲಸ್ ಆರ್ ಮೈನಸ್

ನಮ್ಮ ಸೋದರಮಾವನಿಗೆ ತಮ್ಮ ವಯಸ್ಸೂ ಸರಿಯಾಗಿ ಗೊತ್ತಿಲ್ಲ ಎಂದರೆ ನೀವು ನಂಬುವುದಿಲ್ಲ. ಕೇಳಿ ನೋಡಿ: "ಅರವತ್ತಾರು, ಪ್ಲಸ್ ಆರ್ ಮೈನಸ್ ಒಂದು. ಶಾಲೆಗೆ ಸೇರಿಸ್ಕೊಂಡ ಮೇಷ್ಟ್ರು ಅಂದಾಜಿನ ಮೇಲೆ ಬರ್ದಿದ್ರು!" ಚಳ್ಳಕೆರೆಯ ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಹೇಳಿದವರು. ಎಷ್ಟು ತಪ್ಪಿರಬಹುದು ಎಂದು ಹೇಳದ ಅಳತೆ ಅವರ ಪಾಲಿಗೆ ಶುದ್ಧ ಸುಳ್ಳು. ಇಂಥವರ ಜೊತೆ ಏಗುವುದು ಹೇಗೆ ಸ್ವಾಮಿ?

ಒಮ್ಮೆ ಅತ್ತೆಯ ತವರು ಮೊಳಕಾಲ್ಮುರಿಗೆ ಹೊರಟೆವು. ಬಸ್ಸು ಹತ್ತಕ್ಕೆ, ಹತ್ತು ನಿಮಿಷ ಹಿಂದುಮುಂದು ಎಂದಿದ್ದರು ಮಾವ. ಹತ್ತಕ್ಕೆ ಐದು ನಿಮಿಷವಿರುವಾಗ ಹೋದರೆ ಬಸ್ಸು ಆಗಲೇ ಹೊರಟುಹೋಗಿತ್ತು. ನಾನು ತಲೆ ಮೇಲೆ ಕೈಹೊತ್ತು ಕೂತೆ. ಮಾವ ಹಿಗ್ಗಿಬಿಟ್ಟರು: "ನೋಡ್ದೇನ್ಲೇ, ನಾನ್ ಹೇಳಿದ್ ಮಿತಿಯೊಳಗೇ ಹೋಗೈತೆ!"

ಅಂತೂ ಮುಂದಿನ ಬಸ್ಸಿಗೆ ಹೋಗಿ, ಅಲ್ಲಿ ಅತ್ತೆಗೆ ರೇಷ್ಮೆ ಸೀರೆ ನೋಡಿದೆವು. ನೇಕಾರ ಮೊಳ ಹಾಕಿ ಅಳೆದ. ಮಾವ ಸೀರೆ ಬಿಟ್ಟು ಅವನ ಕೈಯನ್ನೇ ಟೇಪು ಹಿಡಿದು ಮೂರು ಸಲ ಅಳೆದರು!

"ಸೀರೇಲಿ ಎಷ್ಟು ವ್ಯತ್ಯಾಸ ಬರಬಹುದಪ್ಪಾ?"

"ಉಟ್ಕೊಳೋ ಅಮ್ಮನ್ನ ಕೇಳ್ರಿ ಸಾರ್, ನನ್ ಕೈ ಬಿಡ್ರಿ!"

ಈಗ ಅತ್ತೆಗೆ ಕ್ಯಾನ್ಸರ್. ತೂಕ ಇಳಿಯದಂತೆ ನೋಡಿಕೊಳ್ಳಿ ಎಂದಿದ್ದಾರೆ ಡಾಕ್ಟರು. ಅದು ಇಳಿಯುತ್ತಲೇ ಇದೆ, ಏನು ಮಾಡಿದರೂ ನಿಲ್ಲುತ್ತಿಲ್ಲ. ಮಾವ ದಿನಾ ಬೆಳಿಗ್ಗೆ ಅತ್ತೆಯನ್ನು ತೂಕದ ಮಿಷನ್ನಿನ ಮೇಲೆ ಮೂರು ಸಲ ಹತ್ತಿಸಿ ಇಳಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಮೊನ್ನೆ ನಾನೂ ಅಲ್ಲಿದ್ದೆ. ನಲವತ್ತು ಕೆಜಿ. ಹೋದ ವಾರದಷ್ಟೇ!

ಖುಷಿಯಿಂದ ಅತ್ತೆಯ ಹಿಂದೆ ಅಡುಗೆಮನೆಗೆ ಹೋದೆ. ಅವರು ಸೊಂಟದ ಗಂಟಿನಿಂದ ಶೇಂಗಾ ತೂಗುವ ಒಂದು ಕೆಜಿ ಕಲ್ಲನ್ನು ತೆಗೆದು ಡಬ್ಬಿಗಳ ಹಿಂದೆ ಇಡುತ್ತಿದ್ದರು.

"ಇಳಿದೈತೆ ಅಂದ್ರೆ ಅವತ್ತು ನಿಮ್ಮಾವ ಉಣ್ಣಲ್ಲ ಕಣಪ್ಪಾ. ಡಾಕ್ಟ್ರು ಹೆಂಗೂ ಅವರ ಮಿಷನ್ನಾಗೇ ನೋಡ್ತಾರೆ. ನೀನ್ ಹೇಳ್‌ಬ್ಯಾಡ."

ಹೊರಗೆ ಬಂದು, "ಮಾವ, ಆ ಮಿಷನ್ ಸರಿ ಐತೇನ್ರಿ?" ಎಂದೆ.

ಮಾವ ನೋಟ್‌ಬುಕ್ಕಿನಿಂದ ತಲೆ ಎತ್ತಲಿಲ್ಲ.

"ಮಿಷನ್ ಸರಿ ಐತೆ. ಮೊದ್ಲು ಅರ್ಧ ಕೆಜಿ ಕಲ್ಲು ಇಟ್ಕೋತಿದ್ಲು. ಅದು ಸಾಲ್ದಾಯ್ತು. ಆ ಒಂದು ಕೆಜಿದನ್ನ ಅವಳ ಕೈಗೆ ಸಿಗಂಗೆ ಇಟ್ಟಿದ್ದು ನಾನೇ."

ಅವರ ದನಿ ಇಳಿಯಿತು.

"ಇನ್ಮೇಲೆ ಎರಡು ಕೆಜಿದು ಬೇಕಾಗ್ತೈತೆ. ಅಷ್ಟು ಭಾರ ನಿಮ್ಮತ್ತೆ ಹೊರ್ತಾಳೇನ್ಲೇ?"