ಚಂದ್ರಾಮಪ್ಪನವರ ಲೆಕ್ಕಕ್ಕಿಲ್ಲದ ಊಟ

ಆಳಂದದ ಚಂದ್ರಾಮಪ್ಪನವರು ಊಟ ಮಾಡಿದ್ದನ್ನು ಈ ಭೂಮಂಡಲದಲ್ಲಿ ಕಂಡವರಿಲ್ಲ! ಹಾಗೆಂದು ಹೇಳುವವರು ಸ್ವತಃ ಚಂದ್ರಾಮಪ್ಪನವರೇ. ಅವರು ರುಚಿ ನೋಡುತ್ತಾರೆ, ಅಷ್ಟೇ. ಮದುವೆಯ ಮನೆಯಲ್ಲಿ ಹುಗ್ಗಿ ಹದವಾಗಿದೆಯೇ ಎಂದು ಮೊದಲನೆಯ ಪಂಕ್ತಿಯಲ್ಲಿ ಕುಳಿತು ನೋಡುತ್ತಾರೆ. ಆ ಅಭಿಪ್ರಾಯ ದುಡುಕಿನದಾಗಬಾರದಲ್ಲ, ಅದಕ್ಕೆ ಎರಡನೆಯ ಪಂಕ್ತಿಯಲ್ಲೂ ಕುಳಿತು ನೋಡುತ್ತಾರೆ. ಅಫಜಲಪುರದಿಂದ ಜೇವರ್ಗಿಯವರೆಗೆ ಯಾವ ಅಡುಗೆಭಟ್ಟನನ್ನು ಕೇಳಿದರೂ ಹೇಳುತ್ತಾನೆ, "ಸಾವಕಾರ್ರು ಬಂದ್ರು ಅಂದ್ರ ನಾವ ಇನ್ನೊಂದ ಡಬರಿ ಒಲಿ ಮ್ಯಾಲ ಏರಸ್ತೇವ್ರಿ." ಉಕ್ಕಿ ಬರುವ ಭೀಮಾ ನದಿಯನ್ನು ಸೊನ್ನ ಎಂಬ ಊರಿನ ಬಳಿ ಗೋಡೆ ಕಟ್ಟಿ ನಿಲ್ಲಿಸಿದ್ದಾರೆ. ಹೋಳಿಗೆಯ ದಿಕ್ಕಿಗೆ ಹರಿಯುವ ಚಂದ್ರಾಮಪ್ಪನವರನ್ನು ನಿಲ್ಲಿಸುವ ಗೋಡೆಯನ್ನು ಯಾವ ಇಂಜಿನಿಯರೂ ಇನ್ನೂ ಕಟ್ಟಿಲ್ಲ.

ಆದರೆ ರುಚಿ ನೋಡಿದ್ದೆಲ್ಲ ಎಲ್ಲಿಗಾದರೂ ಹೋಗಲೇಬೇಕಲ್ಲ? ಚಂದ್ರಾಮಪ್ಪನವರದು ರೈತರ ತೊಗರಿ ತೂಗಿ ಮಾರಿಸುವ ಅಡತಿ ಅಂಗಡಿ. ಒಂದು ದಿನ ಚೀಲ ತೂಗುವ ಕಾಂಟಾದ ಮೇಲೆ ಹಮಾಲರ ಜೊತೆ ಮಾತಾಡುತ್ತ ಸುಮ್ಮನೆ ನಿಂತುಬಿಟ್ಟರು. ಕಾಂಟಾ ಸುಮ್ಮನಿರಲಿಲ್ಲ. ಕೆಂಪು ಅಂಕಿಗಳು ಏರಿದವು, ಏರಿದವು, ಪಕ್ಕದಲ್ಲಿ ಬಾಯಿ ಹೊಲಿಸಿಕೊಂಡು ನಿಂತಿದ್ದ ಕ್ವಿಂಟಲ್ ಚೀಲವನ್ನು ದಾಟಿ ಮುಂದೆ ಹೋದವು!

"ಸಾವಕಾರ್ರ, ಚೀಲ ಸೋತತ್ರಿ!" ಎಂದು ಹಮಾಲನೊಬ್ಬ ಘೋಷಿಸಿದ.

ಸುದ್ದಿ ಚಂದ್ರಾಮಪ್ಪನವರಿಗಿಂತ ಮೊದಲು ಮನೆ ಮುಟ್ಟಿತು. ಹೆಂಡತಿ ಸುಭದ್ರಾಬಾಯಿ ಮರುದಿನವೇ ಗಂಡನನ್ನು ಡಾಕ್ಟರರ ಮುಂದೆ ನಿಲ್ಲಿಸಿದರು. ಡಾಕ್ಟರರು ರಕ್ತ ತೆಗೆಸಿದರು, ಮೊಣಕಾಲು ಒತ್ತಿ ನೋಡಿದರು, ನಿಟ್ಟುಸಿರು ಬಿಟ್ಟರು. ಶುಗರ್ ಗಡಿಯಲ್ಲಿ ನಿಂತಿತ್ತು. ಮೊಣಕಾಲು ಸಂಪು ಹೂಡುವ ತಯಾರಿಯಲ್ಲಿತ್ತು. ಎಲ್ಲಕ್ಕಿಂತ ದೊಡ್ಡ ಅವಮಾನವೆಂದರೆ, ಇಷ್ಟು ವಿಶಾಲವಾದ ಗೋದಾಮಿನಲ್ಲಿ ವಿಟಮಿನ್ ಡಿ ಇಲ್ಲ, ಬಿ-ಹನ್ನೆರಡು ಇಲ್ಲ! "ಊಟ ಅರ್ಧ ಮಾಡ್ರಿ, ವಿಟಮಿನ್ ಗುಳಗಿ ಪೂರಾ ತೊಗೊಳ್ರಿ" ಎಂದು ಡಾಕ್ಟರರು ಚೀಟಿ ಬರೆದರು.

ಮನೆಗೆ ಬಂದ ಮೇಲೆ ಸುಭದ್ರಾಬಾಯಿ ತಮ್ಮ ಚೀಟಿಯನ್ನು ಬಾಯಿಯಲ್ಲೇ ಹೇಳಿದರು.

"ಎಳ್ಳಮಾಸಿ ಮುಂಜಾನೆ ಕಾಂಟಾದ ಮ್ಯಾಲ ನಿಂದ್ರಬೇಕು. ಕ್ವಿಂಟಲ್ ಚೀಲಕಿಂತ ಹಗುರ ಆಗಿದ್ರ ಸೈ. ಇಲ್ಲಂದ್ರ ಹೊಲಕ್ಕ ಬರ್ರಿ, ಆದ್ರ ನಿಮಗ ಎಲಿ ಹಾಕಂಗಿಲ್ಲ."

ಚಂದ್ರಾಮಪ್ಪನವರ ಎದೆಗೆ ಸಿಡಿಲು ಬಡಿಯಿತು. ಎಳ್ಳಮಾವಾಸ್ಯೆ ಎಂದರೆ ಈ ಸೀಮೆಯಲ್ಲಿ ಊರಿಗೆ ಊರೇ ಬೀಗ ಹಾಕಿಕೊಂಡು ಹೊಲಕ್ಕೆ ಹೋಗಿ ಉಣ್ಣುವ ದಿನ. ಸಜ್ಜೆ ಕಡಬು, ಹದಿನಾರು ಬಗೆಯ ಕಾಯಿಪಲ್ಲೆ ಕಾಳು ಕೂಡಿಸಿ ಕುದಿಸಿದ ಭಜ್ಜಿ, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಮೇಲೆ ಕಟ್ಟಿದ ಗಟ್ಟಿ ಮೊಸರು! ವರ್ಷದ ಉಳಿದ ದಿನಗಳನ್ನು ಚಂದ್ರಾಮಪ್ಪನವರು ಈ ದಿನದ ದಾರಿ ಕಾಯುವುದಕ್ಕಾಗಿಯೇ ಬದುಕುತ್ತಿದ್ದರು. ಆದರೂ ಗಂಡಸು ಗಂಡಸೇ. ಮೀಸೆಯ ಮೇಲೆ ಕೈಯಾಡಿಸಿ ಗುಡುಗಿದರು:

"ಕ್ವಿಂಟಲ್ ಯಾಕ? ಶೇಂಗಾ ಚೀಲಕಿಂತ ಹಗುರ ಆಗಿ ತೋರಸ್ತೇನಿ! ನಾ ಒಮ್ಮಿ ಮನಸ ಮಾಡಿದ್ರ ಗಾಳಿಗಿ ಹಾರಬೇಕು, ಹಂಗ!"

"ಹಾರೋದು ಬ್ಯಾಡ್ರಿ. ಮನಿ ಕಟ್ಟಿ ಏರಿದ್ರ ಸಾಕು" ಎಂದರು ಸುಭದ್ರಾಬಾಯಿ.

ಗುಳಿಗೆ ತರಲು ಹೋದದ್ದು ಜುಬೇರನ ಔಷಧದ ಅಂಗಡಿಗೆ. ಜುಬೇರ ಅಂದರೆ ಚಂದ್ರಾಮಪ್ಪನವರ ಜೀವದ ಗೆಳೆಯರಾದ ಬಟ್ಟೆ ಅಂಗಡಿಯ ಬುರಾನುದ್ದೀನರ ಮಗ. ಅಷ್ಟರಲ್ಲಿ ಚಂದ್ರಾಮಪ್ಪನವರು ತಿಂದದ್ದಕ್ಕೆಲ್ಲ ಕ್ಯಾಲರಿ ಎಣಿಸುವ ಆ್ಯಪ್ ಒಂದನ್ನು ಫೋನಿಗೆ ಇಳಿಸಿಕೊಂಡಿದ್ದರು. ಅದು ಬೆಳಗಿನ ಉಪ್ಪಿಟ್ಟಿಗೇ ಕೆಂಪಾಗಿ ಕುಳಿತಿತ್ತು.

"ಜುಬೇರ, ಒಂದ ಮಾತ ಹೇಳು. ಈ ವಿಟಮಿನ್ ಗಿಟಮಿನ್ ಅವಲ್ಲ, ಅವೂ ಕ್ಯಾಲರಿ ಲೆಕ್ಕಕ್ಕ ಬರ್ತಾವೇನು?"

"ಇಲ್ರಿ ಕಾಕಾ. ವಿಟಮಿನ್‌ದಾಗ ಕ್ಯಾಲರಿ ಇರಂಗಿಲ್ಲ. ಗುಳಗಿ ಲೆಕ್ಕಕ್ಕ ಹಿಡೀಬ್ಯಾಡ್ರಿ. ಆದ್ರ ಕಾಕಾ..."

ಈ 'ಆದ್ರ'ವನ್ನು ಕೇಳಲು ಕಾಕಾ ಅಲ್ಲಿರಲಿಲ್ಲ! ಲೆಕ್ಕಕ್ಕಿಲ್ಲ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಅವರ ಮೊಣಕಾಲು ನೋವು ಮರೆತು ಮೆಟ್ಟಿಲಿಳಿದಿತ್ತು. ಕೈಯಲ್ಲಿ ಗುಳಿಗೆಯ ಪಟ್ಟಿ, ಬಗಲಲ್ಲಿ ಜಗಿದು ತಿನ್ನುವ ಕರಡಿ ಆಕಾರದ ಸಿಹಿ ವಿಟಮಿನ್‌ಗಳ ಡಬ್ಬಿ, ತಲೆಯಲ್ಲಿ ಒಂದು ಹೊಸ ಶಾಸ್ತ್ರ. ವಿಟಮಿನ್ ಇದ್ದದ್ದು ಊಟವಲ್ಲ, ಊಟವಲ್ಲದ್ದು ಲೆಕ್ಕಕ್ಕಿಲ್ಲ!

ಮೊದಲ ದಿನ ಕರಡಿಗಳು ಕಾಡು ಬಿಟ್ಟು ಹೊರಟವು. ಅಂಗಡಿಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಮತ್ತೆ ಪಡಸಾಲೆಗೆ ಚಂದ್ರಾಮಪ್ಪನವರು ತಿರುಗಾಡಿದಾಗಲೆಲ್ಲ ಒಂದೊಂದು ಕರಡಿ ಬಾಯಿಗೆ ಬಿತ್ತು. ಸಂಜೆಗೆ ಡಬ್ಬಿ ಗುಡಿಸಿದ ಅಂಗಳ. ಮರುದಿನ ಶಕ್ತಿ ಕೊಡುವ ಪುಡಿ ಬಂತು. ಅದಕ್ಕೆ ಹಾಲು ಬೇಕು, ಹಾಲಿಗೆ ಸಕ್ಕರೆ ಬೇಕು. ಆದರೆ ಪುಡಿ ಲೆಕ್ಕಕ್ಕಿಲ್ಲ ಎಂದ ಮೇಲೆ ಅದನ್ನು ಹೊತ್ತು ತರುವ ಹಾಲಿಗೇಕೆ ಲೆಕ್ಕ? ಹಮಾಲನನ್ನು ಯಾರಾದರೂ ಚೀಲದ ಜೊತೆ ತೂಗುತ್ತಾರೆಯೇ?

ಮಧ್ಯಾಹ್ನ ಸುಭದ್ರಾಬಾಯಿ ನೇಮದಂತೆ ಅರ್ಧ ರೊಟ್ಟಿ, ಸೊಪ್ಪಿನ ಪಲ್ಲೆ, ನೀರು ಮಜ್ಜಿಗೆ ಬಡಿಸಿದರು. ಚಂದ್ರಾಮಪ್ಪನವರು ಋಷಿಯಂತೆ ಉಂಡು ಎದ್ದರು. ಎದ್ದವರು ಕೂರಲಿಲ್ಲ. ಕಿಟಕಿಯ ಬಳಿ ಹೋದರು, ಬಂದರು. ಪೇಪರು ಬಿಡಿಸಿದರು, ಮಡಿಸಿದರು. ಹೊಟ್ಟೆಯೊಳಗೆ ಯಾರೋ ಖಾಲಿ ತಗಡಿನ ಡಬ್ಬಿ ಒದೆಯುತ್ತ ಓಡಾಡಿದಂತಾಗುತ್ತಿತ್ತು. ಕೊನೆಗೆ ಕಾಲುಗಳು ತಾವಾಗಿಯೇ ಅವರನ್ನು ಅಡುಗೆಮನೆಯ ಗೋಡೆಗೂಡಿನ ಮುಂದೆ ತಂದು ನಿಲ್ಲಿಸಿದವು. ಅಲ್ಲಿ ಸಾಲಾಗಿ ಕುಳಿತಿದ್ದವು ಸುಭದ್ರಾಬಾಯಿ ಕುಟ್ಟಿ ಇಟ್ಟ ಹಿಂಡಿಗಳು. ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಶೇಂಗಾ ಹಿಂಡಿ. ಬೇರೆ ಸೀಮೆಯವರು ಅವನ್ನು ಚಟ್ನಿಪುಡಿ ಅಂದಾರು. ಆದರೆ ಆ ಕ್ಷಣದಲ್ಲಿ ಚಂದ್ರಾಮಪ್ಪನವರಿಗೆ ಜ್ಞಾನೋದಯವಾಯಿತು. ಅಗಸಿಯಲ್ಲಿ ಒಮೆಗಾ ಇದೆ ಎಂದು ಫೋನು ಹೇಳಿತ್ತು, ಗುರೆಳ್ಳಿನಲ್ಲಿ ಕಬ್ಬಿಣವಿದೆ ಎಂದು ಹೇಳಿತ್ತು. ಅಂದಮೇಲೆ ಇವು ಹಿಂಡಿಗಳೇ ಅಲ್ಲ. ಮನೆಯಲ್ಲೇ ಒಂದು ಔಷಧದ ಅಂಗಡಿ!

ಆ್ಯಪಿನಲ್ಲಿ 'ಅಗಸಿ ಹಿಂಡಿ' ಎಂದು ಬರೆದು ನೋಡಿದರು. ಆ್ಯಪು ಬಹಳ ಹೊತ್ತು ಗಿರಗಿರ ತಿರುಗಿ, ಅಂಥದ್ದು ಯಾವುದೂ ತನಗೆ ಗೊತ್ತಿಲ್ಲ ಎಂದು ಕೈ ಚೆಲ್ಲಿತು. ಸೊನ್ನೆ! ಚಂದ್ರಾಮಪ್ಪನವರು ಫೋನಿಗೆ ಕೈ ಮುಗಿದರು.

ಒಂದು ಚಮಚ ಬರೀ ಬಾಯಿಗೆ ಹಾಕಿಕೊಂಡರೆ ಹಿಂಡಿ ಗಂಟಲಲ್ಲಿ ಸಿಕ್ಕಿಕೊಂಡಿತು. ಔಷಧ ಗಂಟಲಲ್ಲಿ ಸಿಕ್ಕಬಾರದು ಎಂದೇ ಅಲ್ಲವೇ ಕಂಪನಿಯವರು ಅದನ್ನು ಕ್ಯಾಪ್ಸೂಲಿನೊಳಗೆ ತುಂಬುವುದು? ಚಂದ್ರಾಮಪ್ಪನವರು ಒಂದು ಮೆತ್ತನೆಯ ರೊಟ್ಟಿ ತೆಗೆದುಕೊಂಡು ಅದರೊಳಗೆ ಹಿಂಡಿ ತುಂಬಿದರು. ಎರಡನೆಯದನ್ನು ತುಂಬುವಾಗ ಬಾಗಿಲಲ್ಲಿ ಸುಭದ್ರಾಬಾಯಿ!

"ಏನ್ರೀ ಅದು, ಈಗರ ಉಂಡ ಎದ್ದಿರಿ, ಮತ್ತ ತಿನ್ನಾಕತ್ತೀರಿ?"

"ತಿನ್ನಾಕತ್ತಿಲ್ಲ. ಔಷಧ ತೊಗೊಳ್ಳಾಕತ್ತೇನಿ."

"ರೊಟ್ಟಿ ಔಷಧ ಯಾವಾಗ ಆಯ್ತು?"

"ರೊಟ್ಟಿ ಔಷಧ ಅಲ್ಲಬೇ, ಅದು ಕ್ಯಾಪ್ಸೂಲಿನ ಸಿಪ್ಪಿ. ಸಿಪ್ಪಿ ಯಾರರ ಲೆಕ್ಕ ಹಿಡೀತಾರೇನು?"

"ಮತ್ತ ಮ್ಯಾಲ ಬೆಣ್ಣಿ?"

"ಕೆಲವು ವಿಟಮಿನ್ ಜಿಡ್ಡಿನಾಗ ಅಷ್ಟ ಕರಗ್ತಾವಂತ. ಡಾಕ್ಟರ್ ಮಂದಿ ವಿಷಯ, ನಿನಗ ತಿಳಿಯಂಗಿಲ್ಲ."

ಸುಭದ್ರಾಬಾಯಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆ ಪ್ರಯಾಣಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. "ತೊಗೊಳ್ರಿ, ತೊಗೊಳ್ರಿ. ಎಳ್ಳಮಾಸಿ ಮುಂಜಾನೆ ಕಾಂಟಾ ಸುಳ್ಳ ಹೇಳಂಗಿಲ್ಲ" ಎಂದು ಸೆರಗು ಸಿಕ್ಕಿಸಿಕೊಂಡು ಹೋದರು.

ಶಾಸ್ತ್ರ ಹುಟ್ಟಿದ ಮೇಲೆ ಶಿಷ್ಯ ಬೇಕೇ ಬೇಕು. ಬುರಾನುದ್ದೀನರು ಬಂದರು. ಗೆಳೆಯನ ಕಷ್ಟ ಕೇಳಿ ಕರಗಿದರು. ಮರುದಿನದಿಂದ ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಖರ್ಜೂರ ಕಬ್ಬಿಣವಾಯಿತು, ಬಾದಾಮಿ ವಿಟಮಿನ್ ಇ ಆಯಿತು, ಎಳ್ಳುಂಡೆ ಕ್ಯಾಲ್ಸಿಯಂ ಗುಳಿಗೆಯಾಯಿತು.

"ಲೇ ಚಂದ್ರಾಮ, ಶೀರ್‌ಖುರ್ಮಾದಾಗ ಏನೇನ ಅದಾವ ನೋಡಲೇ? ಹಾಲು, ಖಜೂರ, ಬದಾಮ, ಪಿಸ್ತಾ. ಇದ ಒಂದರಾಗ ಎ ಇಂದ ಝಡ್ ತನಕ ಎಲ್ಲಾ ವಿಟಮಿನ್!"

"ಬುರಾನ್, ನೀ ಡಾಕ್ಟರ ಆಗಬೇಕಿತ್ತಲೇ!" ಎಂದು ಚಂದ್ರಾಮಪ್ಪನವರು ಎರಡನೆಯ ಬಟ್ಟಲನ್ನು ಮುಂದೆ ಚಾಚಿದರು.

ಎಳ್ಳಮಾವಾಸ್ಯೆಯ ಬೆಳಗು ಬಂತು. ಅಂಗಡಿಯ ಮುಂದೆ ಹೊಲಕ್ಕೆ ಹೊರಟ ಟ್ರ್ಯಾಕ್ಟರ್ ನಿಂತಿತ್ತು. ಬುಟ್ಟಿಗಳಿಂದ ಹೋಳಿಗೆಯ ವಾಸನೆ ಏಳುತ್ತಿತ್ತು. ಚಂದ್ರಾಮಪ್ಪನವರು ಚಪ್ಪಲಿ ಬಿಟ್ಟರು. ಕೈಗಡಿಯಾರ ಬಿಚ್ಚಿದರು. ಫೋನು, ಬೀಗದ ಕೈ, ಹೆಗಲ ಮೇಲಿನ ಶಲ್ಯ ಎಲ್ಲವನ್ನೂ ಬುರಾನುದ್ದೀನರ ಕೈಗಿಟ್ಟರು. ಕೊರಳಲ್ಲಿನ ಲಿಂಗದ ಕರಡಿಗೆ ಒಂದೇ ಉಳಿಯಿತು, ಅದರ ಭಾರ ಶಿವನ ಲೆಕ್ಕ. ಉಸಿರು ಒಳಗೆಳೆದು, ಯುದ್ಧಕ್ಕೆ ರಥ ಏರುವವರಂತೆ ಕಾಂಟಾ ಏರಿದರು.

ಕೆಂಪು ಅಂಕಿಗಳು ಓಡಿದವು. ಕ್ವಿಂಟಲ್ ದಾಟಿದವು. ಹಿಂದಿನ ಸಲ ನಿಂತಲ್ಲಿಗೆ ಬಂದು ಒಂದು ಗಳಿಗೆ ಯೋಚಿಸಿದಂತೆ ಮಾಡಿ, ಅದನ್ನೂ ದಾಟಿದವು!

"ಕಾಂಟಾ ಕೆಟ್ಟದ!" ಎಂದು ಚಂದ್ರಾಮಪ್ಪನವರು ಚೀರಿದರು.

"ಹೌದ್ರಿ?" ಎಂದರು ಸುಭದ್ರಾಬಾಯಿ. "ಹಂಗಾರ ಇಷ್ಟ ದಿನ ಇದರ ಮ್ಯಾಲ ರೈತರ ತೊಗರಿ ಹ್ಯಾಂಗ ತೂಗಿದ್ರಿ?"

ಸುತ್ತ ನಿಂತಿದ್ದ ಹಮಾಲರು ಕಿವಿ ನಿಮಿರಿಸಿದರು. ಚಂದ್ರಾಮಪ್ಪನವರು ಕೂಡಲೇ ಮಾತು ನುಂಗಿದರು. "ಇಲ್ಲ ಇಲ್ಲ, ಕಾಂಟಾ ಬರೋಬ್ಬರಿ ಅದ. ಆದ್ರ ವಿಟಮಿನ್ ಲೆಕ್ಕಕ್ಕಿಲ್ಲ ಅಂತ ನಿನ್ನ ಮಗನ ಹೇಳ್ಯಾನಲೇ ಬುರಾನ್!"

ಜುಬೇರನಿಗೆ ಫೋನು ಹೋಯಿತು. ಎಲ್ಲರಿಗೂ ಕೇಳುವಂತೆ ಅವನ ದನಿ ಹೊರಬಂತು. "ಕಾಕಾ, ಬರೇ ಗುಳಗಿ ಅಷ್ಟ ಲೆಕ್ಕಕ್ಕ ಇಲ್ರಿ! ಸಿಹಿ ಇದ್ದದ್ದು, ಎಣ್ಣಿ ಇದ್ದದ್ದು, ಹಾಲಿನಾಗ ಕಲಸೋ ಪುಡಿ, ಅವೆಲ್ಲಾ ಲೆಕ್ಕಕ್ಕ ಬರ್ತಾವ್ರಿ, ಡಬ್ಬಿ ಹಿಂದ ಬರದಿರ್ತಾರ ಅಂತ ಹೇಳೋದ್ರಾಗ ನೀವ ಎದ್ದ ಓಡಿದ್ರಿ!"

"ಹಿಂಡಿ ಹಚ್ಚಿದ ರೊಟ್ಟಿ?" ಎಂದು ಸುಭದ್ರಾಬಾಯಿ ತಣ್ಣಗೆ ಕೇಳಿದರು.

ಫೋನಿನಲ್ಲಿ ಜುಬೇರನ ದನಿ ಇಳಿಯಿತು. "ಅದು... ಅದು ಊಟರಿ ಕಾಕೂ."

ತೀರ್ಪು ಬಂತು. ಚಂದ್ರಾಮಪ್ಪನವರು ಹೊಲಕ್ಕೆ ಬರಬಹುದು. ಅವರ ಪಾಲಿಗೆ ಒಂದು ಸೌತೆಕಾಯಿ, ಒಂದು ಲೋಟ ಮಜ್ಜಿಗೆ, ಬಿ-ಹನ್ನೆರಡರ ಒಂದು ಗುಳಿಗೆ. ಗುಳಿಗೆ ಮಾತ್ರ ಲೆಕ್ಕಕ್ಕಿಲ್ಲ!

ಜಿಡಗಾ ಊರಿಗೆ ಹೋಗುವ ದಾರಿಯಲ್ಲಿ ಚಂದ್ರಾಮಪ್ಪನವರ ಹೊಲ. ಬನ್ನಿಗಿಡದ ಕೆಳಗೆ ಜಮಖಾನೆ ಹಾಸಿ ಬುಟ್ಟಿ ಬಿಚ್ಚಿದರು. ಭಜ್ಜಿಯ ಮುಚ್ಚಳ ತೆಗೆದಾಗ ಆ ಘಮಕ್ಕೆ ಪಕ್ಕದ ಹೊಲದವರೂ ತಿರುಗಿ ನೋಡಿದರು. ಚಂದ್ರಾಮಪ್ಪನವರಿಗೆ ಕೂತಲ್ಲಿ ಕೂರಲಾಗಲಿಲ್ಲ. ಬದುವಿನ ಮೇಲೆ ಆ ತುದಿಗೆ ಹೋದರು, ಈ ತುದಿಗೆ ಬಂದರು. ತೊಗರಿ ಗಿಡ ಹಿಡಿದು ನೋಡಿದರು, ಆಕಾಶ ನೋಡಿದರು. ಎಲ್ಲಿ ನೋಡಿದರೂ ಹೋಳಿಗೆಯೇ ದುಂಡಗೆ ಕಾಣುತ್ತಿತ್ತು.

ಉಣ್ಣುವ ಮೊದಲು ಚರಗ ಚೆಲ್ಲಬೇಕು. ಮಾಡಿದ ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ, ಹೊಲದ ಸುತ್ತ ಭೂಮಿತಾಯಿಗೆ ಚೆಲ್ಲಿ ಬರುವುದು ಮನೆಯ ಯಜಮಾನನ ಕೆಲಸ. ಒಬ್ಬರು ಚೆಲ್ಲುತ್ತ ಮುಂದೆ ಹೋದರೆ ಇನ್ನೊಬ್ಬರು ಹಿಂದೆ ನೀರು ಚಿಮುಕಿಸುತ್ತ ಬರುತ್ತಾರೆ. ಸುಭದ್ರಾಬಾಯಿ ಬುಟ್ಟಿ ತುಂಬ ಚರಗ ಕಲಸಿ ಗಂಡನ ಕೈಗೆ ಕೊಟ್ಟರು. ಬುರಾನುದ್ದೀನರು ಪ್ರತಿ ವರ್ಷದಂತೆ ನೀರಿನ ತಂಬಿಗೆ ಹಿಡಿದರು. ಇಬ್ಬರೂ ಆಳೆತ್ತರದ ತೊಗರಿಯೊಳಗೆ ಇಳಿದು ಮರೆಯಾದರು.

"ಹುಲ್ಲುಲ್ಲಿಗೋ! ಸಲಾಂಬ್ರಿಗೋ!" ಚರಗ ಚೆಲ್ಲುವಾಗಿನ ಈ ಕೂಗು ಚಂದ್ರಾಮಪ್ಪನವರ ಬಾಯಿಂದ ನಾಲ್ಕು ಹೊಲದಾಚೆಗೂ ಮೊಳಗಿತು. ಮೊದಲ ಮೂಲೆ ಮುಗಿಯಿತು. ಎರಡನೆಯ ಮೂಲೆಯಿಂದ ಬಂದ ಕೂಗು ಸ್ವಲ್ಪ ತೊದಲಿತು. "ಹುಲ್ಲು... ಲ್ಲಿಮ್ಮೋ! ಸಲಾಮ್ಮ್‌ಮ್..." ಮೂರನೆಯ ಮೂಲೆಯಿಂದ ಬರೀ "ಮ್ಮ್‌ಮ್ಮೋ" ಬಂತು. ನಾಲ್ಕನೆಯ ಮೂಲೆಯಿಂದ ಏನೂ ಬರಲಿಲ್ಲ. ಅಲ್ಲಿಯವರೆಗೆ ತೊಗರಿಯ ಮೇಲೆ ಸುತ್ತುತ್ತಿದ್ದ ಕಾಗೆಗಳು ಮುನಿಸಿಕೊಂಡು ಪಕ್ಕದ ಹೊಲಕ್ಕೆ ಹಾರಿದವು.

ಇಬ್ಬರೂ ಹೊರಬಂದರು. ಬುಟ್ಟಿ ತಿಕ್ಕಿ ತೊಳೆದಂತೆ ಹೊಳೆಯುತ್ತಿತ್ತು. ಚಂದ್ರಾಮಪ್ಪನವರ ಮೀಸೆಯ ಬಲತುದಿಯಲ್ಲಿ ಭಜ್ಜಿಯ ಅವರೆಕಾಳೊಂದು ಕುಳಿತಿತ್ತು.

"ಬುರಾನಣ್ಣ, ಖರೇ ಹೇಳ್ರಿ" ಎಂದರು ಸುಭದ್ರಾಬಾಯಿ. "ಚರಗ ಎಲ್ಲಿ ಚೆಲ್ಲಿದ್ರು?"

"ವೈನಿ, ನಾ ನೆಲಾ ನೋಡಿ ನೀರ ಹಾಕಾಕತ್ತಿದ್ದೆ. ಮುಂದಿನವರ ಬಾಯಿ ನೋಡಲಿಲ್ರಿ."

ಸುಭದ್ರಾಬಾಯಿ ಗಂಡನ ಕಡೆಗೆ ತಿರುಗಿದರು. ಚಂದ್ರಾಮಪ್ಪನವರು ಸಿದ್ಧವಾಗಿಯೇ ಬಂದಿದ್ದರು. ತೊಗರಿಯ ಸಾಲುಗಳ ನಡುವೆ ಒಂದು ಹೊಸ ಶಾಸ್ತ್ರ ಹೆಣೆದಿದ್ದರು. ಈ ದೇಹ ಮಣ್ಣಿನದು, ಮಣ್ಣಿಗೆ ಚೆಲ್ಲುವುದೂ ದೇಹಕ್ಕೆ ಚೆಲ್ಲುವುದೂ ಒಂದೇ, ಚರಗ ಭೂಮಿತಾಯಿಯ ಲೆಕ್ಕಕ್ಕೆ ಹೋಗುತ್ತದೆ, ಇದರಲ್ಲಿ ಕ್ಯಾಲರಿ ಎಂಬುದು... ಬಾಯಿ ತೆರೆದರು. ಆದರೆ ಸುಭದ್ರಾಬಾಯಿ ಸಿಟ್ಟಾಗಿರಲಿಲ್ಲ. ಅವರ ಕಣ್ಣು ಗಂಡನ ಮೊಣಕಾಲಿನ ಮೇಲಿತ್ತು. ಬದು ಹತ್ತಿ ಬಂದ ಕಾಲು ಇನ್ನೂ ಸಣ್ಣಗೆ ನಡುಗುತ್ತಿತ್ತು.

"ನಾಳಿ ನೀವ ಬಿದ್ರ ಎತ್ತಾಕ ನನ್ನ ಕೈಲೆ ಆಗ್ತದೇನ್ರೀ?" ಎಂದರು ಮೆಲ್ಲಗೆ. "ಒಮೆಗಾ, ಕ್ಯಾಪ್ಸೂಲು, ಲೆಕ್ಕ, ಎಲ್ಲಾ ಬಿಡ್ರಿ. ಭೂಮಿತಾಯಿದು ಯಾಕ ತಿಂದ್ರಿ, ಅದೊಂದು ಹೇಳ್ರಿ ನನಗ."

ಚಂದ್ರಾಮಪ್ಪನವರು ಖಾಲಿ ಬುಟ್ಟಿಯನ್ನು ಒಮ್ಮೆ ನೋಡಿದರು, ಹೆಂಡತಿಯನ್ನು ಒಮ್ಮೆ ನೋಡಿದರು.

"ಹಸಿವಾಗಿತ್ತು."