ನನ್ನ ಪರದೆಯನ್ನು ಯಥಾಸ್ಥಿತಿಗೆ ತಂದ ಅಮೀನ್ ಅವರಿಗೆ

ಮಾನ್ಯರಲ್ಲಿ ಮಾನ್ಯರಾದ, ನಂಬಿದವರ ಪರದೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವ, ಬಳಕೆದಾರರ ಇಷ್ಟಾನಿಷ್ಟಗಳ ಏಕೈಕ ಭಂಡಾರಿಗಳಾದ ಬ್ಯಾಕಪ್ ಪ್ರೋಗ್ರಾಂ ಶ್ರೀ ಅಮೀನ್ ಅವರ ಸನ್ನಿಧಾನಕ್ಕೆ, ಇರ್ಬಿದ್ ನಗರದ ಶರೀಯಾ ಕೋರ್ಟಿನ ಗೇಟಿನೆದುರು ಇಪ್ಪತ್ತೇಳು ವರ್ಷಗಳಿಂದ ತಗಡಿನ ಗೂಡಂಗಡಿಯಲ್ಲಿ ಕುಳಿತು ಊರವರ ಪರವಾಗಿ ಅರ್ಜಿ ಬರೆದು ಬದುಕುತ್ತಿರುವ ಮುಫ್ಲಿಹ್ ಅಲ್-ಹೌರಾನಿ ಎಂಬ ಬಡಪಾಯಿ ಮಾಡುವ ಅನಂತ ಸಲಾಮುಗಳು. ತಾವೂ ತಮ್ಮನ್ನು ತಯಾರಿಸಿದ ಮಹನೀಯರೂ ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವಾಗಿಲ್ಲ.

ಅರಿಕೆ ಏನೆಂದರೆ, ಕಳೆದ ಭಾನುವಾರ ತಾವು ನನ್ನ ಕಂಪ್ಯೂಟರಿನ ಪರದೆಯನ್ನು ಯಥಾಸ್ಥಿತಿಗೆ ತಂದ ದೆಸೆಯಿಂದ, ಅದೇ ದಿನ ಗಂಡನ ಮನೆಗೆ ಮರಳಬೇಕಿದ್ದ ನನ್ನ ಅಣ್ಣನ ಮಗಳು ಶುರೂಕ್ ಮರಳಲಿಲ್ಲ. ಇನ್ನು ಮರಳುತ್ತಾಳೋ ಇಲ್ಲವೋ ಎಂಬುದು ಕೂಡ ಈಗ ತಮ್ಮ ಕೈಯಲ್ಲೇ ಇದೆ.

ತಮಗೆ ಗೊತ್ತಿರುವುದನ್ನೇ ಹೇಳುತ್ತಿದ್ದರೆ ಮನ್ನಿಸಬೇಕು. ನನ್ನ ಪರದೆಯ ಹಿನ್ನೆಲೆಯಲ್ಲಿ ಇರುವುದು ಆಲಿವ್ ಕೊಯ್ಲಿನ ದಿನ ತೆಗೆದ ನಮ್ಮ ಮನೆತನದ ಚಿತ್ರ. ಎರಡು ಸಾಲಾಗಿ ಕೂತ ನೆಂಟರಿಷ್ಟರ ಒಬ್ಬೊಬ್ಬರ ಮುಖದ ಮೇಲೆ ಒಂದೊಂದು ಬಗೆಯ ಅರ್ಜಿಯ ಫೋಲ್ಡರನ್ನು ನಾನು ಅವರವರ ಸ್ವಭಾವಕ್ಕೆ ತಕ್ಕಂತೆ ಕೂರಿಸಿದ್ದೆ. ಆಸ್ತಿ ಪಾಲಿನ ಅರ್ಜಿಗಳು ಪಕ್ಕದವರ ಗಿಡದ ಕಾಯಿಗೂ ಕೈ ಹಾಕುವ ಭಾವನ ಮೇಲೆ. ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವ ಷಡ್ಡಕನ ಮೇಲೆ, ಬಲತುದಿಯಲ್ಲಿ, ದಾವೆ ಕೈಬಿಡುವ ಅರ್ಜಿಗಳು. ಬೇರೆಯವರು ಕೈ ತೊಳೆಯುವುದರೊಳಗೆ ಉಂಡು ಏಳುವ ನೂಫಾ ಅತ್ತೆಯ ಮೇಲೆ, ಅದೇ ಸಾಲಿನ ಎಡತುದಿಯಲ್ಲಿ, ವಿಚಾರಣೆ ಬೇಗ ಮುಗಿಸಿ ಎಂದು ಕೋರುವ ಅರ್ಜಿಗಳು. ಕಣ್ಣಿಗೆ ಪೊರೆ ಬಂದ ಮೇಲೆ ಐಕಾನಿನ ಕೆಳಗಿನ ಹೆಸರು ನನಗೆ ಇರುವೆಯ ಸಾಲಾಗಿ ಕಾಣುತ್ತಿದ್ದುದರಿಂದ, ಎದುರಿನ ಜೆರಾಕ್ಸ್ ಅಂಗಡಿಯ ಲುಜೈನಳಿಗೆ ಹೇಳಿ ಹೆಸರುಗಳನ್ನೆಲ್ಲ ತೆಗೆಸಿದೆ.

"ಹಾಜಿ, ಹೆಸರಿಲ್ದೆ ಯಾವ್ದು ಯಾವ್ದು ಅಂತ ಹೇಗೆ ಗೊತ್ತಾಗುತ್ತೆ ನಿಮ್ಗೆ?" ಎಂದು ಆ ಹುಡುಗಿ ಕೇಳಿದ್ದಳು. "ಅವರ ಜೊತೆ ಅರವತ್ತು ವರ್ಷ ಏಗಿದ್ದೀನಮ್ಮ, ಕತ್ತಲಲ್ಲೂ ಗೊತ್ತಾಗುತ್ತೆ" ಎಂದಿದ್ದೆ. ಆ ಜಂಬಕ್ಕೆ ತಕ್ಕುದನ್ನು ತಾವು ಮಾಡಿದಿರಿ.

ಹಳೆಯ ಡಿಸ್ಕ್ ಏದುಸಿರು ಬಿಡತೊಡಗಿದಾಗ ಲುಜೈನ್ ಎಲ್ಲವನ್ನೂ ತಮ್ಮ ಸುಪರ್ದಿಗೆ ಒಪ್ಪಿಸಿ, ಹೊಸ ಡಿಸ್ಕ್ ಹಾಕಿ, ಮತ್ತೆ ತಮ್ಮಿಂದ ಬಿಡಿಸಿಕೊಂಡಳು. ತಮ್ಮ ನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ತಪ್ಪಾದಾಗಲೆಲ್ಲ ಕೋಳಿ ಕೂಗುವ ಸದ್ದನ್ನು, ಮೊಮ್ಮಗಳು ಮೌಸಿನ ಬಾಣಕ್ಕೆ ತೊಡಿಸಿದ್ದ ಬೆಕ್ಕಿನ ವೇಷವನ್ನು, ಇರ್ಬಿದ್‌ನ ಚಳಿಯಲ್ಲಿ ನಡುಗುತ್ತಿರುವವನಿಗೆ ಅಕಾಬಾದ ಬಿಸಿಲನ್ನು ತೋರಿಸುವ ಹವಾಮಾನದ ಚೌಕವನ್ನು, ಅಂದರೆ ನಾನು ಕಳೆದುಹೋಗಲಿ ಎಂದು ಹಂಬಲಿಸಿದ್ದ ಪ್ರತಿಯೊಂದನ್ನೂ ತಾವು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹಿಂತಿರುಗಿಸಿದಿರಿ. ಫೋಲ್ಡರುಗಳನ್ನು ಮಾತ್ರ, ಅರಬ್ಬಿ ಬರೆಯುವ ನಾವು ಬಲದಿಂದ ಎಡಕ್ಕೆ ಎಣಿಸುವ ಜನ ಎಂಬುದನ್ನು ಮರೆತು, ಎಡದಿಂದ ಎಣಿಸಿ ಜೋಡಿಸಿದಿರಿ. ಚಿತ್ರ ಇದ್ದಂತೆಯೇ ಇತ್ತು. ಅದರ ಮೇಲಿನ ಫೋಲ್ಡರುಗಳು ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗಿದ್ದವು. ಎರಡೂ ಬದಿಯಲ್ಲಿ ಸರಿಸಮ ಜನ ಕೂತಿದ್ದರಿಂದ ಒಂದು ಮುಖವೂ ಬರಿದಾಗಿ ಕಾಣಲಿಲ್ಲ. ಕೆಳಗೆ ತಾವು "ಎಲ್ಲವೂ ಯಥಾಸ್ಥಿತಿಗೆ ಮರಳಿದೆ" ಎಂದು ಹಸಿರು ಅಕ್ಷರದಲ್ಲಿ ಬರೆದಿದ್ದಿರಿ, ನಾನು ನಂಬಿದೆ.

ಈಗ ಶುರೂಕಳ ವಿಷಯ. ಅವಳು ಆಸ್ಪತ್ರೆಯಲ್ಲಿ ದಾದಿ. ಗಂಡ ಮಾಹಿರ್ ಅವಳ ಸಮವಸ್ತ್ರವನ್ನು ಕತ್ತರಿಯಿಂದ ಚಿಂದಿ ಮಾಡಿದ್ದ, ಹೊರಗಿನಿಂದ ಬೀಗ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದ. ಜನವರಿಯಲ್ಲಿ ಅವಳು ಮದುವೆಯಿಂದ ಬಿಡುಗಡೆ ಕೋರಿ ಹಾಕಿದ ದಾವೆಯ ಮೂರು ಪುಟಗಳನ್ನು ಬರೆದವನು ನಾನೇ, ಹಾಗಾಗಿ ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಹೋದ ಶುಕ್ರವಾರ ಮಾಹಿರನ ಕಡೆಯ ಎಂಟು ಮಂದಿ ಹಿರಿಯರು ರಾಜಿಗೆಂದು ಅಣ್ಣ ಅಬು ವಸ್ಫಿಯ ಮನೆಗೆ ಬಂದರು. ನಮ್ಮ ಕಡೆ ಅಣ್ಣ, ಅವನ ಮಗ, ನಾನು. ಅವರ ಮುಖ್ಯಸ್ಥ ಕಾಫಿಯ ಬಟ್ಟಲನ್ನು ನೆಲದ ಮೇಲಿಟ್ಟು "ನಮ್ಮ ಸೊಸೇನ ಕಳಿಸಿಕೊಡ್ತೀವಿ ಅನ್ನೋವರೆಗೂ ಈ ಕಾಫಿ ಮುಟ್ಟಲ್ಲ" ಎಂದ. ಅಣ್ಣ ಗಡ್ಡ ನೀವಿಕೊಂಡು "ಕುಡೀರಿ ಕುಡೀರಿ, ಆರಿಹೋಗುತ್ತೆ. ನೀವು ಬಂದ ಕೆಲಸ ಆಯ್ತು ಅಂದ್ಕೊಳ್ಳಿ" ಎಂದ. ಎಲ್ಲರೂ ಕುಡಿದರು. ನಾನು ಎರಡು ಬಟ್ಟಲು ಕುಡಿದೆ, ದಾವೆ ಕೈಬಿಡುವ ಅರ್ಜಿಯನ್ನು ನಾನೇ ಬರೆದುಕೊಡುತ್ತೇನೆ ಎಂದೂ ಹೇಳಿದೆ.

ಭಾನುವಾರ ಬೆಳಗ್ಗೆ ಶುರೂಕ್ ನನ್ನ ಗೂಡಂಗಡಿಯೆದುರು ನಿಂತಿದ್ದಳು, ಮುಖ ಒಣಗಿತ್ತು. ನಾನು ಅಭ್ಯಾಸಬಲದಿಂದ ಷಡ್ಡಕನ ಮುಖದ ಮೇಲೆ ಎರಡು ಸಲ ಒತ್ತಿದೆ. ನಮ್ಮ ಅರ್ಜಿಗಳೆಲ್ಲದರ ಮೊದಲ ಆರು ಸಾಲು ನ್ಯಾಯಾಧೀಶರ ಗುಣಗಾನವೇ ಆದ್ದರಿಂದ ನನಗೆ ಅನುಮಾನ ಬರಲಿಲ್ಲ. ಹೆಸರು, ದಾವೆಯ ಸಂಖ್ಯೆ ತುಂಬಿ, ಮುದ್ರಿಸಿ ಕೊಟ್ಟೆ. ಅವಳು ಕೊನೆಯವರೆಗೂ ಓದಿದಳು. ಮತ್ತೊಮ್ಮೆ ಓದಿದಳು.

"ಚಿಕ್ಕಪ್ಪ, ಇದನ್ನ ನೀವೇ ಬರೆದ್ರಾ?"

"ಇನ್ಯಾರು ಬರೀತಾರಮ್ಮ? ಸಹಿ ಹಾಕು, ಹೊತ್ತಾಗುತ್ತೆ."

ಅವಳು ಸಹಿ ಹಾಕಿ, ಬಾಗಿ ನನ್ನ ಹಣೆಗೆ ಮುತ್ತಿಟ್ಟು, "ದೇವರು ನಿಮ್ಮ ಕೈಗಳನ್ನ ಚೆನ್ನಾಗಿಟ್ಟಿರಲಿ, ಚಿಕ್ಕಪ್ಪ" ಎಂದು ಓಡುವ ಹಾಗೆ ಕೋರ್ಟಿನೊಳಗೆ ಹೋದಳು. ಹೊರಗೆ ಮೂರು ಕಾರುಗಳಲ್ಲಿ ಹಿರಿಯರೆಲ್ಲ ದೊಡ್ಡ ತಟ್ಟೆಯಲ್ಲಿ ಕುನಾಫಾ ಸಿಹಿ ಇಟ್ಟುಕೊಂಡು ಕಾಯುತ್ತಿದ್ದರು. ಅರ್ಧ ಗಂಟೆಯ ಮೇಲೆ ಅವಳು ಹೊರಗೆ ಬಂದಾಗ ಮಾಹಿರ್ ಕಾರಿನ ಬಾಗಿಲು ತೆರೆದು ನಿಂತ. ಅವಳು ಆ ಬಾಗಿಲನ್ನು ದಾಟಿ ನಡೆದು, ಬಸ್ ಹತ್ತಿ ಹೋದಳು. ವಿಚಾರಣೆ ಬೇಗ ಮುಗಿಸಿ ಎಂಬ ಕೋರಿಕೆ ದಾಖಲಾಗಿತ್ತು. ವಿಚಾರಣೆಗೆ ಮುಂದಿನ ತಿಂಗಳ ಒಂಬತ್ತನೇ ತಾರೀಖು ನಿಗದಿಯಾಗಿತ್ತು.

ಅಣ್ಣ ಗೂಡಂಗಡಿಯ ತಗಡು ನಡುಗುವಂತೆ ಕೂಗಿದ: "ನಿನ್ ಕೈಗೇನಾಗಿತ್ತೋ? ಎಂಟು ಜನದ ಮುಂದೆ ನನ್ನ ಗಡ್ಡ ಬೋಳಿಸಿದ್ಯಲ್ಲೋ!" ಆಗ ಕನ್ನಡಕ ಒರೆಸಿ ಪರದೆ ನೋಡಿದೆ. ನೂಫಾ ಅತ್ತೆಯ ಮೇಲೆ ಇರಬೇಕಾದ ಫೋಲ್ಡರು ಷಡ್ಡಕನ ಮೇಲೆ ಕೂತಿತ್ತು. ಕುನಾಫಾವನ್ನು ಮಾತ್ರ ಹಿರಿಯರು ಹಾಳಾಗಲು ಬಿಡಲಿಲ್ಲ, ಅಲ್ಲೇ ನಿಂತು ಮುಗಿಸಿದರು.

ಈಗ ಎಲ್ಲರ ಬೇಡಿಕೆ ಒಂದೇ: ಭಾನುವಾರದ್ದು ಬರೆದವನ ತಪ್ಪು ಎಂದು ನಾನು ಮುದ್ರೆಯೊತ್ತಿ ದಾವೆ ಕೈಬಿಡುವ ಇನ್ನೊಂದು ಅರ್ಜಿ ಬರೆದುಕೊಡಬೇಕು, ಅದಕ್ಕೆ ಶುರೂಕಳ ಸಹಿಯನ್ನು ಅವರು ಹಾಕಿಸಿಕೊಳ್ಳುತ್ತಾರೆ. ಹೇಗೆ ಹಾಕಿಸಿಕೊಳ್ಳುತ್ತಾರೆ ಎಂದು ನಾನು ಕೇಳಲಿಲ್ಲ. ಕಂಪ್ಯೂಟರಿನ ಸೆಟ್ಟಿಂಗುಗಳು ಸರಿಹೋಗುವವರೆಗೆ ನನ್ನಿಂದ ಒಂದಕ್ಷರವೂ ಸಾಧ್ಯವಿಲ್ಲ ಎಂದುಬಿಟ್ಟಿದ್ದೇನೆ. ಲುಜೈನ್ ನಿನ್ನೆ ಬಂದು "ಎರಡೇ ನಿಮಿಷದ ಕೆಲ್ಸ ಹಾಜಿ, ತಿರುಗಿಸಿ ಇಡ್ತೀನಿ" ಎಂದಳು. "ಬೇಡಮ್ಮ, ಕೂತ್ಕೊ, ಟೀ ಕುಡಿ" ಎಂದೆ. ಅವಳು ನನ್ನ ಮುಖವನ್ನೇ ನೋಡಿ, ಟೀ ಕುಡಿದು, ಮೌಸನ್ನು ಮುಟ್ಟದೆ ಹೋದಳು.

ಆದ್ದರಿಂದ ಮಾನ್ಯರಲ್ಲಿ ನನ್ನ ವಿನಮ್ರ ಕೋರಿಕೆ: ಒಂಬತ್ತನೇ ತಾರೀಖಿನ ಸಂಜೆಯವರೆಗೆ ತಾವು ಯಾವ ಕಾರಣಕ್ಕೂ ಸರಿಹೋಗಬಾರದು. ತಮ್ಮ ಹೊಸ ಆವೃತ್ತಿ ಬಿಡುಗಡೆಯಾಗುವುದಿದ್ದರೆ ದಯವಿಟ್ಟು ತಡೆಹಿಡಿಯಿರಿ. ಸಾಧ್ಯವಾದರೆ ಹಿರಿಯರ ಮನೆಗಳಿಗೂ ದಯಮಾಡಿಸಿ, ಅವರ ಹಜಾರದ ಕುರ್ಚಿಗಳನ್ನು ಎಡದಿಂದ ಎಣಿಸಿ ಜೋಡಿಸಿ, ಮುಂದಿನ ಸಲ ರಾಜಿಗೆ ಕೂತಾಗ ಗಂಡನ ಜಾಗದಲ್ಲಿ ಹೆಂಡತಿಯೂ ಬೀಗದ ಕೈ ಇರುವ ಜಾಗದಲ್ಲಿ ಬೀಗವೂ ಬರುವಂತೆ ಮಾಡಿಕೊಡಿ. ಅಣ್ಣ ಪತ್ರಿಕೆಯಲ್ಲಿ ನಿಧನವಾರ್ತೆಯ ಪುಟ ಬಿಟ್ಟು ಬೇರೇನೂ ಓದುವವನಲ್ಲ, ಹಾಗಾಗಿ ಈ ಪತ್ರ ಅದರಲ್ಲೇ ಅಚ್ಚಾಗಿ ಬಹಿರಂಗವಾದರೂ ಭಯವಿಲ್ಲ. ಶುರೂಕ್ ಓದುತ್ತಾಳೆ. ಅವಳು ಮುತ್ತಿಟ್ಟ ಹಣೆ ಅದಕ್ಕೆ ಯೋಗ್ಯವಾಗಿರಲಿಲ್ಲ, ಆ ಹಾರೈಕೆಗೆ ತಕ್ಕವರು ತಾವು ಎಂದು ಅವಳಿಗೂ ತಿಳಿಯಲಿ. ನನಗೆ ನಾಚಿಕೆಯಾಗಿದೆ.

ತಮ್ಮ ತಪ್ಪಿಗೆ ಆಜೀವ ಋಣಿಯಾದ,
ತಮ್ಮ ವಿಶ್ವಾಸಿ,
ಮುಫ್ಲಿಹ್ ಅಲ್-ಹೌರಾನಿ
ಅರ್ಜಿ ಬರಹಗಾರ, ಇರ್ಬಿದ್

ಮರೆತ ಮಾತು: ಏನೂ ಇಲ್ಲದ ಖಾಲಿ ಫೋಲ್ಡರೊಂದನ್ನು ಇದ್ದಲ್ಲಿಂದ ಎತ್ತಿ ಬೇರೆಡೆ ಇಡುವ ಮೊದಲೂ ತಾವು "ಇದು ನಿಮಗೆ ಒಪ್ಪಿಗೆಯೇ?" ಎಂದು ಎರಡೆರಡು ಸಲ ಕೇಳುತ್ತೀರೆಂದು ಲುಜೈನ್ ಗೊಣಗುತ್ತಿದ್ದಳು. ಆ ಶುಕ್ರವಾರ ಶುರೂಕ್ ಪಕ್ಕದ ಕೋಣೆಯಲ್ಲೇ ಇದ್ದಳು. ಹನ್ನೊಂದು ಮಂದಿ ಗಂಡಸರಿದ್ದೆವು. ಒಬ್ಬರೂ ಕೇಳಲಿಲ್ಲ.