ನಾಲ್ಕನೇ ಫೋಟೋದ ಹಸಿರು

ಹಳೆಯ ಫ್ಲ್ಯಾಗ್‌ಶಿಪ್ ಫೋನನ್ನು ಇವತ್ತಿಗೂ ಬಳಸಬಹುದೇ ಎಂದು ಯಾರಾದರೂ ಕೇಳಿದರೆ ನಾನು ಒಂದೇ ಉತ್ತರ ಕೊಡುತ್ತಿದ್ದೆ: “ನನ್ನ ಬಿ.ಎ. ಪದವಿಯೂ ಹಳೆಯದೇ. ಅದನ್ನ ಎಸೆದು ಹೊಸದು ತರಲೇನು?” ಕೇಳಿದವರು ಮಾತು ಬದಲಿಸುತ್ತಿದ್ದರು. ಅವರು ವಾದದಲ್ಲಿ ಸೋತರೆಂದೇ ತಿಳಿದಿದ್ದೆ. ಬೇಸತ್ತಿದ್ದರಂತೆ!

ಫ್ಲ್ಯಾಗ್‌ಶಿಪ್ ಎಂದರೆ ಕಂಪನಿಯ ಪಟ್ಟದಾನೆ. ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮುಗಿಸಿದವನು ನಾನು. ಚಳ್ಳಕೆರೆಯಲ್ಲಿ ಮೇಷ್ಟರ ಕೆಲಸ ಸಿಕ್ಕ ಹೊಸದರಲ್ಲಿ ಆ ಆನೆಯನ್ನು ಕೊಂಡು ಹುಟ್ಟೂರು ದೊಡ್ಡಉಳ್ಳಾರ್ತಿಗೆ ಒಯ್ದಾಗ ಅರ್ಧ ಊರೇ ನೋಡಲು ಬಂದಿತ್ತು. ಆಗ ಬದುಕಿದ್ದ ಅವ್ವ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಆಮೇಲೆ ಅದನ್ನು ಮುಟ್ಟಿದ್ದಳು. ಅಂಥ ಫೋನನ್ನು, ಬಿಸಿಯಾಗುತ್ತದೆ ಎಂಬ ಕ್ಷುಲ್ಲಕ ಕಾರಣಕ್ಕೆ ಬಿಡುವುದುಂಟೆ? ಅರ್ಧ ದಿನ ಚಾರ್ಜರಿಗೆ ಕಟ್ಟಿಹಾಕಬೇಕಿತ್ತು, ನಿಜ. ಆನೆಯನ್ನು ಕಟ್ಟದೆ ಸಾಕಿದವರು ಯಾರಿದ್ದಾರೆ?

ಹೀಗಿರುವಾಗ ನಮ್ಮ ಪಾಲಮ್ಮಕ್ಕ ಮೊಳಕಾಲ್ಮೂರಿನ ಬಳಿಯ ಸಿದ್ದಾಪುರದಲ್ಲಿ ಹೊಸ ಮನೆ ಕಟ್ಟಿಸಿದಳು. ಗೃಹಪ್ರವೇಶಕ್ಕೆ ತವರಿನ ಸೀರೆ ಹೋಗಬೇಕು. ತವರೆಂದರೆ ಈಗ ನಾನೊಬ್ಬನೇ. ಅಕ್ಕ ಶಾಲೆ ಬಿಟ್ಟು ಕುರಿಗಳ ಹಿಂದೆ ಹೋದದ್ದರಿಂದಲೇ ನಾನು ಕಾಲೇಜಿನ ಮೆಟ್ಟಿಲು ಹತ್ತಿದವನು. ಇಷ್ಟು ವರ್ಷ ಬಾಯಿ ಬಿಟ್ಟು ಏನನ್ನೂ ಕೇಳದವಳು ಈಗ ಕೇಳಿದಳು.

“ತಮ್ಮಾ, ಮೊಳಕಾಲ್ಮೂರು ಸೀರೆ ತಾರೋ. ಹಸಿರುದು. ಎಂಥ ಹಸಿರು ಗೊತ್ತೈತಾ? ಮಳೆ ಬಿದ್ ಮ್ಯಾಲೆ ಕಾವಲ್ದಾಗೆ ಬರ್ತಿತ್ತಲ್ಲ, ಅದು.”

ಗೊತ್ತಿಲ್ಲದೆ ಏನು! ತಂದೇ ತರ್ತೀನಿ ಎಂದು ಮಾತು ಕೊಟ್ಟೆ. ಬೇಸಿಗೆಯೆಲ್ಲ ಬೂದಿಯಂತೆ ಬಿದ್ದಿರುತ್ತಿದ್ದ ಹುಲ್ಲುಗಾವಲು ಮೊದಲ ಮಳೆಗೆ ಮೈ ಕೊಡವಿ ಏಳುತ್ತಿತ್ತು. ಬಂಡೆಯ ಮೇಲೆ ಕೂತು ನಾನು ಪಾಠ ಓದುತ್ತಿದ್ದೆ. ಅಕ್ಕ ಉಣ್ಣೆಯ ನೂಲು ತೆಗೆಯುತ್ತ ಕೇಳುತ್ತಿದ್ದಳು. “ಇನ್ನೊಂದ್ಸಲ ಓದೋ, ಚೆನ್ನಾಗೈತೆ” ಎನ್ನುತ್ತಿದ್ದಳು. ಕುರಿಗಳ ಮೂತಿಗೆಲ್ಲ ಹಸಿರು ಮೆತ್ತಿರುತ್ತಿತ್ತು. ಈಗ ಅಲ್ಲಿ ಉದ್ದಕ್ಕೆ ಸರ್ಕಾರಿ ಸಂಸ್ಥೆಗಳ ಕಾಂಪೌಂಡ್ ಗೋಡೆ. ನೇಕಾರನನ್ನು ಕರೆದೊಯ್ದು, “ನೋಡಪ್ಪ, ಇಂಥ ಬಣ್ಣ” ಎಂದು ತೋರಿಸುವಂತೆಯೂ ಇಲ್ಲ.

ಹೆಸರಿಲ್ಲದ ಬಣ್ಣಕ್ಕೆ ವೈಜ್ಞಾನಿಕ ಮಾರ್ಗವೇ ಸರಿ ಎಂದು ತೀರ್ಮಾನಿಸಿದೆ. ಮೊಳಕಾಲ್ಮೂರಿನ ನೇಕಾರ ಮಾರ್ಕಂಡಪ್ಪನಿಗೆ ಫೋನು ಮಾಡಿ, ಇರುವ ರೇಷ್ಮೆ ನೂಲುಗಳ ಫೋಟೋ ಕಳಿಸಲು ಹೇಳಿದೆ.

“ಒಂದ್ಸಲ ಬಂದು ಕಣ್ಣಾರೆ ನೋಡ್ಕಂಡು ಹೋಗ್ರಿ ಸಾರ್.”

“ಬೇಡಪ್ಪ. ನನ್ನ ಫೋನು ಕಣ್ಣಿಗಿಂತ ಚೆನ್ನಾಗಿ ತೋರಿಸ್ತೈತೆ!”

ಫೋಟೋಗಳು ಬಂದವು. ನನ್ನ ಹೆಂಡತಿ ಶಾಂತ ಇಣುಕಲು ಬಂದಳು. “ನನ್ನ ಫೋನಿಗೂ ಹಾಕ್ರಿ, ನಾನೂ ನೋಡ್ತೀನಿ.”

“ನಿಂದು ಡಬ್ಬಾ ಫೋನು. ಬಣ್ಣದ ವಿಚಾರ ಅದಕ್ಕೆ ಬಿಡಬಾರದು.”

ನಾಲ್ಕನೇ ಫೋಟೋ ತೆರೆದವನು ಅಲ್ಲೇ ನಿಂತುಬಿಟ್ಟೆ. ಅದೇ ಹಸಿರು! ಮಳೆಯ ವಾಸನೆ ಮೂಗಿಗೆ ಬಡಿದಂತಾಯಿತು. ಕಣ್ಣೊರೆಸಿಕೊಂಡು ಮಾರ್ಕಂಡಪ್ಪನಿಗೆ ಬರೆದೆ: “ನಾಲ್ಕನೇ ಫೋಟೋ. ಇದನ್ನೇ ನೇಯಿರಿ. ಬದಲಾವಣೆ ಬೇಡ.”

ಗೃಹಪ್ರವೇಶದ ದಿನ ಬೆಳಗಿನ ಬಸ್ಸಿಗೆ ಹೊರಟು ಮೊಳಕಾಲ್ಮೂರಿನಲ್ಲಿ ಇಳಿದೆವು. ಸೀರೆ ಪಡೆದು ಹಾಗೇ ಸಿದ್ದಾಪುರಕ್ಕೆ ಹೋಗುವ ಯೋಜನೆ. ಮಾರ್ಕಂಡಪ್ಪ ಮಗ್ಗದಿಂದ ಎದ್ದು, ಒಳಗಿದ್ದ ಹೆಂಡತಿಗೆ ತೆಲುಗಿನಲ್ಲಿ ಕೂಗಿ ಸೀರೆ ತರಿಸಿದ. ಮಡಿಕೆ ಬಿಚ್ಚಿದ.

ನೀಲಿ!

ಅನುಮಾನಕ್ಕೆ ಎಡೆಯಿಲ್ಲದ ನೀಲಿ. ನಾನು ನಕ್ಕೆ. “ಇದು ಬೇರೆಯವರದಪ್ಪ. ನಮ್ಮದು ಹಸಿರು.”

“ನಿಮ್ದೇ ಸಾರ್. ನಾಲ್ಕನೇ ಫೋಟೋ. ಬದಲಾವಣೆ ಬ್ಯಾಡ ಅಂದಿದ್ರಿ.”

ನನ್ನ ಫೋನು ತೆಗೆದು ತೋರಿಸಿದೆ: ಹಸಿರು. ಅವನು ತನ್ನದು ತೋರಿಸಿದ: ನೀಲಿ. “ನಿನ್ನ ಫೋನು ಸರಿ ಇಲ್ಲ” ಎಂದೆ. ಪಕ್ಕದ ಮನೆಯವರು ಬಂದರು. ಅವರ ಫೋನಿಗೂ ಫೋಟೋ ಹೋಯಿತು: ನೀಲಿ. ಬೀದಿಯಲ್ಲಿ ಹೋಗುತ್ತಿದ್ದವರೂ ಒಳಗೆ ಬಂದು ತಮ್ಮ ತಮ್ಮ ಫೋನು ಹಿಡಿದರು: ನೀಲಿ, ನೀಲಿ, ನೀಲಿ. ನಾನು ಸೋಲಲಿಲ್ಲ. ಸತ್ಯವು ಬಹುಮತದಿಂದ ನಿರ್ಧಾರವಾಗುವುದಿಲ್ಲ ಎಂದು ಆ ಮಗ್ಗದ ಕೋಣೆಯಲ್ಲಿ ನಿಂತು ಭಾಷಣ ಬಿಗಿದೆ. ನಿಮ್ಮವೆಲ್ಲ ಅಗ್ಗದ ಫೋನುಗಳು, ನನ್ನದು ಫ್ಲ್ಯಾಗ್‌ಶಿಪ್ ಎಂದೆ.

ಪಕ್ಕದ ಮನೆಯ ಅಜ್ಜಿ ನನ್ನನ್ನು ಕನಿಕರದಿಂದ ನೋಡಿದಳು. “ಫೋನು ಯಾಕ್ ನೋಡ್ತೀಯಪ್ಪ? ಸೀರೇನೇ ಮುಂದೈತಲ್ಲ!”

ನಾನು ಫೋನು ಇಳಿಸಿ ಸೀರೆ ನೋಡಿದೆ.

ಶಾಂತ ನನ್ನ ಫೋನು ಕಸಿದುಕೊಂಡು, ನನ್ನ ಬಿಳಿ ಅಂಗಿಯ ಫೋಟೋ ತೆಗೆದು ನೋಡಿದಳು. ಪರದೆಯಲ್ಲಿ ನಾನು ಅರಿಸಿನ ಹಚ್ಚಿದ ಮದುಮಗನಾಗಿದ್ದೆ. “ರೀ, ನಿಮ್ಮ ಫೋನಿಗೆ ಕಾಮಾಲೆ ಆಗೈತೆ!” ಎಂದಳು. ಮರುಕ್ಷಣ ಅವಳ ಮುಖ ಬದಲಾಯಿತು. “ಅದಕ್ಕೇನಾ ನಮ್ಮನೆ ಗೋಡೆ ಹಂಗಾಗಿದ್ದು?”

ಆಗಿದ್ದು ಹಾಗೇ. ಮನೆಗೆ ಬಣ್ಣ ಹೊಡೆಸುವಾಗಲೂ ಈ ಫೋನಿನಲ್ಲೇ ನೋಡಿ ಎಳೆ ಹಸಿರು ಆರಿಸಿದ್ದೆ. ಗೋಡೆ ನೀಲಿಯಾಗಿ ಎದ್ದು ನಿಂತಾಗ ಬಣ್ಣದವನಿಗೆ ಕಣ್ಣಿನ ಡಾಕ್ಟರರ ವಿಳಾಸ ಕೊಟ್ಟು ಕಳಿಸಿದ್ದೆ. ಪರದೆ ದಿನಕ್ಕಿಷ್ಟು ಹಳದಿಯಾಗುತ್ತ ಬಂದಿದೆ, ಅದರಲ್ಲಿ ನೀಲಿಯೆಲ್ಲ ಹಸಿರಾಗಿ ಕಂಡಿದೆ, ನನ್ನ ಕಣ್ಣೂ ಅದರ ಜೊತೆಗೇ ಒಗ್ಗಿಕೊಂಡಿದೆ!

ಬೇರೆ ಸೀರೆಗೆ ಸಮಯವಿರಲಿಲ್ಲ. ಸಿದ್ದಾಪುರದ ಬಸ್ಸಿನುದ್ದಕ್ಕೂ ಅಕ್ಕನಿಗೆ ಹೇಳಬೇಕಾದ ಸಮಜಾಯಿಷಿಯನ್ನು ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಸಮೇತ ಸಿದ್ಧಪಡಿಸಿದೆ. ಹೊಸ ಮನೆಯ ಹೊಸಿಲಲ್ಲಿ ಅಕ್ಕ ನೆಂಟರೆಲ್ಲರ ಎದುರಿಗೆ ತಟ್ಟೆಯಿಂದ ಸೀರೆ ಎತ್ತಿಕೊಂಡಳು. ನಾನು ಪೀಠಿಕೆ ಶುರು ಮಾಡುವಷ್ಟರಲ್ಲಿ ಅವಳೇ ಕೇಳಿದಳು.

“ಇದೇನ್ಲಾ, ಹಸಿರು ಅಂದಿದ್ನಲ್ಲ?”

“ಅಕ್ಕಾ, ಫೋನಿನಾಗೆ ಹಸಿರೇ ಇತ್ತು...”

ಅಕ್ಕ ಸೀರೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. “ಓದಾಕೆ ಕಳಿಸಿ ಕೆಡಿಸಿದ್ವಲ್ಲೋ ನಿನ್ನ! ಕುರಿ ಹಿಂದೆ ಬಿಟ್ಟಿದ್ರೆ ಹಸಿರು ಯಾವ್ದು ಅಂತಾದ್ರೂ ಗೊತ್ತಾಗ್ತಿತ್ತು!”

ಆ ಸೀರೆಯನ್ನೇ ಉಟ್ಟು ಪೂಜೆಗೆ ಕೂತಳು. ಊಟಕ್ಕೆ ಬಂದ ಪ್ರತಿಯೊಬ್ಬರನ್ನೂ ನಿಲ್ಲಿಸಿ ಸೆರಗು ಹರಡಿ ತೋರಿಸಿದಳು. “ನನ್ ತಮ್ಮ ತಂದಿದ್ದು. ಡಿಗ್ರಿ ಮಾಡ್ಯಾನೆ. ಹಸಿರು ತಾರೋ ಅಂದ್ರೆ ನೀಲಿ ತಂದಾನೆ!” ನಾನು ಪಾಸಾದ ಸುದ್ದಿಯನ್ನು ಊರಿಗೆಲ್ಲ ಸಾರಿದಾಗ ಅವಳ ದನಿಯಲ್ಲಿದ್ದ ಹೆಮ್ಮೆಯೇ ಈಗಲೂ ಇತ್ತು. ಒಂದಿಷ್ಟೂ ಕಡಿಮೆಯಿರಲಿಲ್ಲ.

ಚಳ್ಳಕೆರೆಗೆ ಮರಳುವ ಬಸ್ಸಿನಲ್ಲಿ ಶಾಂತ ತಾನು ತೆಗೆದ ಅಕ್ಕನ ಫೋಟೋವನ್ನು ನನಗೆ ಕಳಿಸಿದಳು. ತೆರೆದು ನೋಡಿದೆ. ಹೊಸ ಮನೆಯ ಮುಂದೆ ಅಕ್ಕ ನಗುತ್ತಿದ್ದಾಳೆ. ಉಟ್ಟಿರುವುದು ಅದೇ ಹಸಿರು. ಮಳೆಯಾದ ಮೇಲಿನ ಕಾವಲಿನ ಹಸಿರು, ಒಂದು ಎಳೆಯೂ ಆಚೀಚೆಯಿಲ್ಲ. ಭೂಮಿಯ ಮೇಲೆ ನಾನು ಅಕ್ಕನಿಗೆ ಕೊಟ್ಟ ಮಾತು ಉಳಿಸಿಕೊಂಡಿರುವ ಜಾಗ ಈ ಪರದೆಯೊಂದೇ. ಇಂಥ ಫೋನನ್ನು ಹೇಗೆ ಬಿಡಲಿ?

“ನೋಡೇ, ಹಸಿರು!” ಎಂದು ಶಾಂತಾಳ ಮುಖಕ್ಕೆ ಹಿಡಿದೆ.

ಅವಳು ತಿರುಗಿಯೂ ನೋಡಲಿಲ್ಲ. “ಹಂಗಾದ್ರೆ ಸೀರೆ ಜೊತೆ ಆ ಫೋನೂ ಅಕ್ಕನಿಗೆ ಕೊಟ್ ಬರ್ಬೇಕಿತ್ತು!”

ನಾನು ಪದವೀಧರ. ಈ ಉಪಾಯ ನನಗೆ ಹೊಳೆದೇ ಇರಲಿಲ್ಲ!